ಮಣ್ಣನ್ನು ನಂಬಿದ ವಾಸ್ತುಶಿಲ್ಪಿ ಹಸನ್ ಫತ್ಹಿ

ಇಂದು ಪರಿಸರ ರಕ್ಷಣೆಯ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಕಾಡು ಉಳಿಸಬೇಕು, ನೀರು ಉಳಿಸಬೇಕು ಎಂದು ನಾವು ತರಗತಿಗಳಲ್ಲಿ ಪ್ರತಿ ವರ್ಷ ಹೇಳುತ್ತೇವೆ. ಆದರೆ ನಾವು ವಾಸಿಸುವ ಮನೆ, ಓದುವ ಶಾಲೆ, ನಮಾಝ್ ಮಾಡುವ ಮಸೀದಿ ಇವುಗಳ ವಿನ್ಯಾಸಕ್ಕೂ ಪರಿಸರಕ್ಕೂ ಸಂಬಂಧವಿದೆ ಎಂಬುದು ನಮ್ಮ ಗಮನಕ್ಕೆ ಬರುವುದು ಕಡಿಮೆ. ಜಗತ್ತಿನಲ್ಲಿ ಮನುಷ್ಯನಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್‌ನಲ್ಲಿ ನೂರಕ್ಕೆ ಸುಮಾರು 7ರಿಂದ 8 ಪಾಲು ಸಿಮೆಂಟ್ ತಯಾರಿಕೆಯೊಂದರಿಂದಲೇ ಬರುತ್ತದೆ. ಹೀಗೆ ಕಟ್ಟಿದ ಮನೆ ಬೇಸಿಗೆಯಲ್ಲಿ ಕುಲುಮೆಯಂತೆ ಕಾದಾಗ ಅದನ್ನು ತಂಪು ಮಾಡಲು ಮತ್ತೆ ವಿದ್ಯುತ್ ಬೇಕು. ಕಟ್ಟುವಾಗ ಒಮ್ಮೆ, ವಾಸಿಸುವಾಗ ದಿನವೂ ಖರ್ಚು.

ಈ ಸಮಸ್ಯೆಯನ್ನು ಸುಮಾರು 80 ವರ್ಷಗಳ ಹಿಂದೆಯೇ ಕಂಡುಕೊಂಡು, ಅದಕ್ಕೆ ಉತ್ತರ ಹುಡುಕುವುದರಲ್ಲಿ ತನ್ನ ಇಡೀ ಜೀವನವನ್ನು ಸವೆಸಿದ ಒಬ್ಬ ಮಹನೀಯರು ಈಜಿಪ್ಟ್‌ನಲ್ಲಿ ಇದ್ದರು. ಅವರೇ ಹಸನ್ ಫತ್ಹಿ. ಅವರ ಜೀವನದಲ್ಲಿ ಗೆಲುವಿಗಿಂತ ಸೋಲೇ ಹೆಚ್ಚು. ಆದರೂ ಇಂದು ಜಗತ್ತಿನ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಅವರ ಹೆಸರನ್ನು ಗೌರವದಿಂದ ಹೇಳುತ್ತಾರೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹಸನ್ ಫತ್ಹಿ ಅವರು 1900ರ ಮಾರ್ಚ್ 23ರಂದು ಈಜಿಪ್ಟ್‌ನ ಅಲೆಕ್ಸಾಂಡ್ರಿಯಾ ನಗರದಲ್ಲಿ ಜನಿಸಿದರು. ಅವರದು ಹೊಲಗದ್ದೆಗಳಿದ್ದ ಶ್ರೀಮಂತ ಮನೆತನ. ಆದರೆ ತಂದೆಗೆ ಹಳ್ಳಿಯೆಂದರೆ ಆಗದು. ನೊಣ, ಸೊಳ್ಳೆ, ಕೊಳಕು ನೀರು ಇಷ್ಟೇ ಅವರ ಕಣ್ಣಿಗೆ ಬೀಳುತ್ತಿದ್ದವು. ತಾಯಿಗೋ ಹಳ್ಳಿಯೇ ಪ್ರಾಣ. ತಮ್ಮ ಬಾಲ್ಯದ ಹಳ್ಳಿಯ ಕುರಿಮರಿ, ಕೋಳಿ, ತಾಜಾ ಹಾಲಿನ ಸಂಗತಿಗಳನ್ನು ಅವರು ಮಕ್ಕಳಿಗೆ ಹೇಳುತ್ತಿದ್ದರು. ತಾಯಿಯ ಈ ಮಾತುಗಳಿಂದ ಬಾಲಕ ಹಸನ್‌ನ ಮನಸ್ಸಿನಲ್ಲಿ ಹಳ್ಳಿ ಒಂದು ಸ್ವರ್ಗವಾಗಿ ನೆಲೆಯೂರಿತು. ಹಳ್ಳಿಯನ್ನು ಕಣ್ಣಾರೆ ಕಾಣುವ ಅವಕಾಶ ಮಾತ್ರ ಬಹುಕಾಲ ಸಿಗಲಿಲ್ಲ.

ಯುವಕರಾದಾಗ ಅವರು ಕೃಷಿ ಕಾಲೇಜು ಸೇರಬೇಕೆಂದು ಆಸೆಪಟ್ಟರು. ಪ್ರವೇಶಕ್ಕೆ ಮೌಖಿಕ ಪರೀಕ್ಷೆ ಇತ್ತು. ಬೆಳೆಗಳ ಬಗ್ಗೆ ಕೇಳಿದ ಸಾಮಾನ್ಯ ಪ್ರಶ್ನೆಗಳಿಗೂ ಉತ್ತರಿಸಲಾಗದೆ ಅನುತ್ತೀರ್ಣರಾದರು. ಕೃಷಿಯ ಬಾಗಿಲು ಮುಚ್ಚಿದ ಮೇಲೆ ವಾಸ್ತುಶಿಲ್ಪದ ಕಡೆ ತಿರುಗಿ, ಇಂದು ಕೈರೋ ವಿಶ್ವವಿದ್ಯಾಲಯ ಎಂದು ಕರೆಯಲ್ಪಡುವ ವಿದ್ಯಾಸಂಸ್ಥೆಯಿಂದ 1926ರಲ್ಲಿ ಪದವಿ ಪಡೆದರು. ಒಂದು ಪರೀಕ್ಷೆಯಲ್ಲಿ ಸೋತ ಮಾತ್ರಕ್ಕೆ ಬದುಕೇ ಮುಗಿಯಿತು ಎಂದು ಭಾವಿಸುವ ನಮ್ಮ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಕೃಷಿ ಕಾಲೇಜಿಗೆ ಬೇಡವಾದ ಈ ಯುವಕನೇ ಮುಂದೆ ರೈತರ ಮನೆಗಳಿಗಾಗಿ ಜೀವನ ಮುಡಿಪಿಟ್ಟದ್ದು.

ಪದವಿಯ ನಂತರ ಸರ್ಕಾರಿ ಕೆಲಸ ಸಿಕ್ಕಿತು. ನೈಲ್ ನದಿಯ ಮುಖಜ ಭೂಮಿಯಲ್ಲಿರುವ ತಲ್ಖಾ ಎಂಬ ಊರಿನಲ್ಲಿ ಶಾಲೆಯೊಂದನ್ನು ಕಟ್ಟಿಸುವ ಜವಾಬ್ದಾರಿ ಅವರಿಗೆ ಬಂತು. ಅಲ್ಲಿನ ಕೊಚ್ಚೆ ತುಂಬಿದ ಓಣಿಗಳು, ಬಡವರ ಕತ್ತಲೆ ಮನೆಗಳು ಅವರನ್ನು ಕಂಗೆಡಿಸಿದವು. ತಮ್ಮ ಕುಟುಂಬದ ಜಮೀನಿಗೆ ಹೋಗಿ ನೋಡಿದರೆ ಅಲ್ಲಿ ದುಡಿಯುವವರ ಗುಡಿಸಲುಗಳ ಸ್ಥಿತಿಯೂ ಅದಕ್ಕಿಂತ ಮೇಲಾಗಿರಲಿಲ್ಲ. ತಾಯಿ ಹೇಳಿದ ಸ್ವರ್ಗಕ್ಕೂ ಕಣ್ಣೆದುರಿನ ದುಃಸ್ಥಿತಿಗೂ ನಡುವಿನ ಈ ಅಂತರವೇ ಅವರ ಜೀವನದ ದಾರಿಯನ್ನು ನಿರ್ಧರಿಸಿತು.

ಕುಸಿದ ಛಾವಣಿ, ಸಿಕ್ಕಿದ ಗುರುಗಳು

1930ರಿಂದ ಫತ್ಹಿ ಅವರು ಕೈರೋದ ಲಲಿತಕಲಾ ಕಾಲೇಜಿನಲ್ಲಿ ಅಧ್ಯಾಪಕರಾದರು. ಆ ಕಾಲದಲ್ಲಿ ಈಜಿಪ್ಟ್‌ನಲ್ಲಿ ಯುರೋಪಿನ ಮಾದರಿಯ ಕಟ್ಟಡಗಳಿಗೇ ಮನ್ನಣೆ. ಹಸಿ ಇಟ್ಟಿಗೆಯೆಂದರೆ ಬಡತನದ ಗುರುತು. ಫತ್ಹಿ ಅವರ ಯೋಚನೆ ಬೇರೆಯೇ ಆಗಿತ್ತು. ಬಡ ರೈತನ ಕಾಲಡಿಯಲ್ಲೇ ಮಣ್ಣಿದೆ, ಅದಕ್ಕೆ ಹಣ ಕೊಡಬೇಕಾಗಿಲ್ಲ. ಆ ಮಣ್ಣಿನಿಂದಲೇ ಚೆಂದದ, ಗಟ್ಟಿಯಾದ ಮನೆ ಕಟ್ಟುವಂತಾದರೆ ಅವನು ಸಾಲಕ್ಕಾಗಿ ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ.

ಗೋಡೆಗೆ ಮಣ್ಣು ಸಾಕು. ಆದರೆ ಛಾವಣಿ? ಈಜಿಪ್ಟ್‌ನಲ್ಲಿ ಮರ ವಿರಳ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊರದೇಶಗಳಿಂದ ಮರವೂ ಉಕ್ಕೂ ಬರುವುದು ನಿಂತುಹೋಯಿತು. ಇಟ್ಟಿಗೆಯಲ್ಲೇ ಕಮಾನು ಛಾವಣಿ ಕಟ್ಟಬಹುದು. ಆದರೆ ಕಮಾನು ಕೂಡಿಕೊಳ್ಳುವವರೆಗೆ ಅದನ್ನು ಹೊರಲು ಮರದ ಸೆಂಟ್ರಿಂಗ್ ಬೇಕು. ಮರವಿಲ್ಲದ್ದರಿಂದಲೇ ಇಟ್ಟಿಗೆಗೆ ಬಂದವರಿಗೆ ಮತ್ತೆ ಮರವೇ ಬೇಕಾಯಿತು! ಕೈರೋ ಸಮೀಪದ ಬಹ್ತೀಮ್‌ನಲ್ಲಿ ಸೆಂಟ್ರಿಂಗ್ ಇಲ್ಲದೆ ಕಮಾನು ಕಟ್ಟಲು ಅವರು ಮಾಡಿದ ಪ್ರಯತ್ನಗಳೆಲ್ಲ ಕುಸಿದು ಬಿದ್ದವು.

ಆಗ ಅಸ್ವಾನ್ ಅಣೆಕಟ್ಟಿನ ಕೆಲಸದಲ್ಲಿದ್ದ ಅವರ ಸಹೋದರರು ಒಂದು ಸುಳಿವು ಕೊಟ್ಟರು. ದಕ್ಷಿಣದ ನುಬಿಯಾ ಪ್ರದೇಶದ ಜನ ಯಾವ ಸೆಂಟ್ರಿಂಗ್ ಇಲ್ಲದೆಯೇ ಕಮಾನು ಛಾವಣಿ ಕಟ್ಟುತ್ತಾರಂತೆ! 1941ರಲ್ಲಿ ಫತ್ಹಿ ಅವರು ಅಸ್ವಾನ್‌ಗೆ ಹೋದರು. ನದಿಯ ಪಶ್ಚಿಮ ದಡದ ಗರ್ಬ್ ಅಸ್ವಾನ್ ಹಳ್ಳಿಯನ್ನು ನೋಡಿ ಬೆರಗಾದರು. ಸಾಲಾಗಿ ನಿಂತ ಸ್ವಚ್ಛವಾದ, ಎತ್ತರದ, ಬಣ್ಣದ ಚಿತ್ತಾರಗಳ ಮಣ್ಣಿನ ಮನೆಗಳು. ಎಲ್ಲಕ್ಕೂ ಮಣ್ಣಿನ ಕಮಾನಿನದೇ ಛಾವಣಿ. ಅವುಗಳನ್ನು ಕಟ್ಟಿದವರಿಗೆ ಕಾಲೇಜಿನ ಹಂಗಿರಲಿಲ್ಲ. ತಂದೆಯಿಂದ ಮಗನಿಗೆ ಬಂದ ವಿದ್ಯೆ ಅದು.

ಅವರ ಕ್ರಮ ಹೀಗಿತ್ತು. ಮೊದಲು ಕೋಣೆಯ ಒಂದು ತುದಿಯ ಗೋಡೆಯನ್ನು ಎತ್ತರಕ್ಕೆ ಕಟ್ಟುತ್ತಾರೆ. ಅದರ ಮೇಲೆ ಮಣ್ಣು ಮೆತ್ತಿ, ಕಣ್ಣಂದಾಜಿನಲ್ಲೇ ಕಮಾನಿನ ಗೆರೆ ಕೊರೆಯುತ್ತಾರೆ. ಛಾವಣಿಗೆಂದೇ ಹೆಚ್ಚು ಹುಲ್ಲು ಸೇರಿಸಿದ ತೆಳುವಾದ, ಹಗುರವಾದ ಇಟ್ಟಿಗೆ ಮಾಡಿಕೊಂಡಿರುತ್ತಾರೆ. ಅದು ಸುಮಾರು 25 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ, 5 ಸೆಂ.ಮೀ. ದಪ್ಪ. ಇಟ್ಟಿಗೆ ಹಸಿಯಿರುವಾಗಲೇ ಬೆರಳಿನಿಂದ ಗೀರು ಎಳೆದಿರುತ್ತಾರೆ. ಅದರಿಂದ ಕೆಸರು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಈ ಇಟ್ಟಿಗೆಗಳನ್ನು ನೆಟ್ಟಗೆ ನಿಲ್ಲಿಸದೆ, ತುದಿಗೋಡೆಗೆ ಒರಗಿದಂತೆ ಓರೆಯಾಗಿ ಜೋಡಿಸುತ್ತಾರೆ. ಒಂದು ವರಸೆಗೆ ಇನ್ನೊಂದು ವರಸೆ ಒರಗುತ್ತಾ ಬರುವುದರಿಂದ ಇಟ್ಟಿಗೆ ಕೆಳಗೆ ಜಾರುವುದಿಲ್ಲ. ಹೀಗೆ ಒಂದು ಕೋಣೆಯ ಛಾವಣಿ ಒಂದೆರಡು ದಿನಗಳಲ್ಲಿ ಸಿದ್ಧ. ಮರದ ಒಂದು ತುಂಡೂ ಬೇಕಿಲ್ಲ.

ಇದು ಎಷ್ಟು ಬಾಳಿಕೆ ಬರುತ್ತದೆ ಎಂಬ ಪ್ರಶ್ನೆಗೂ ಉತ್ತರ ಹತ್ತಿರದಲ್ಲೇ ಇತ್ತು. ಲಕ್ಸರ್ ಬಳಿ ಎರಡನೆಯ ರಾಮ್ಸೆಸ್ ದೊರೆಯ ಮಂದಿರಕ್ಕೆ ಸೇರಿದ ಉಗ್ರಾಣಗಳಿವೆ. 3,000 ವರ್ಷಗಳಿಗೂ ಹಳೆಯದಾದ ಅವುಗಳ ಹಸಿ ಇಟ್ಟಿಗೆಯ ಕಮಾನುಗಳು ಇಂದಿಗೂ ನಿಂತಿವೆ.

ವಿಶ್ವವಿದ್ಯಾಲಯದ ಪದವೀಧರರೊಬ್ಬರು ಅಕ್ಷರ ಬಾರದ ಗಾರೆ ಕೆಲಸಗಾರರ ಮುಂದೆ ಶಿಷ್ಯರಾಗಿ ನಿಂತದ್ದು ಇಲ್ಲಿ ಮುಖ್ಯವಾದ ಸಂಗತಿ. ಫತ್ಹಿ ಅವರು ನುಬಿಯಾದ ಈ ಮೇಸ್ತ್ರಿಗಳನ್ನು ಕೊನೆಯವರೆಗೂ ತಮ್ಮ ಗುರುಗಳಂತೆಯೇ ಗೌರವಿಸಿದರು.

ಹೊಸ ಗುರ್ನಾ: ಕನಸು ಮತ್ತು ಆಘಾತ

1945ರಲ್ಲಿ ಅವರಿಗೆ ದೊಡ್ಡ ಅವಕಾಶವೊಂದು ಒದಗಿತು. ಲಕ್ಸರ್ ಎದುರಿನ ಗುಡ್ಡದ ಮೇಲೆ, ಪ್ರಾಚೀನ ಸಮಾಧಿಗಳ ಮೇಲೆಯೇ ಗುರ್ನಾ ಎಂಬ ಊರು ಬೆಳೆದಿತ್ತು. ಅಲ್ಲಿನ ಹಲವರು ಸಮಾಧಿಗಳಿಂದ ಹಳೆಯ ವಸ್ತುಗಳನ್ನು ತೆಗೆದು ಮಾರಿ ಜೀವಿಸುತ್ತಿದ್ದರು. ಬಂಡೆಯಲ್ಲಿ ಕೊರೆದ ಅಮೂಲ್ಯ ಶಿಲ್ಪವೊಂದನ್ನು ಇಡಿಯಾಗಿ ಕತ್ತರಿಸಿ ಕದ್ದಾಗ ಸರ್ಕಾರ ಎಚ್ಚೆತ್ತಿತು. ಸುಮಾರು 7,000 ಜನರಿದ್ದ ಊರನ್ನೇ ಸ್ಥಳಾಂತರಿಸಲು ಪ್ರಾಚ್ಯವಸ್ತು ಇಲಾಖೆ ತೀರ್ಮಾನಿಸಿತು. ಸುಮಾರು 50 ಎಕರೆ ಜಾಗದಲ್ಲಿ ಹೊಸ ಊರು ಕಟ್ಟುವ ಹೊಣೆ ಫತ್ಹಿ ಅವರ ಪಾಲಿಗೆ ಬಂತು.

ಸರ್ಕಾರಿ ವಸತಿ ಯೋಜನೆಯೆಂದರೆ ಒಂದೇ ನಕ್ಷೆಯ ಮನೆಗಳನ್ನು ಪೆಟ್ಟಿಗೆಗಳಂತೆ ಸಾಲಾಗಿ ಇಡುವುದು ವಾಡಿಕೆ. ಫತ್ಹಿ ಅವರು ಹಾಗೆ ಮಾಡಲಿಲ್ಲ. ಬಂಧುಬಳಗದವರು ಒಂದೇ ಅಂಗಳದ ಸುತ್ತ ಇರುವಂತೆ ಮನೆಗಳ ಗುಂಪುಗಳನ್ನು ಯೋಜಿಸಿದರು. ಮನೆಯ ನಡುವೆ ತೆರೆದ ಅಂಗಳ, ಹೆಂಗಸರಿಗೆ ಮರೆ, ದನಕರುಗಳಿಗೆ ಕೊಟ್ಟಿಗೆ, ರೊಟ್ಟಿ ಸುಡುವ ಒಲೆ ಎಲ್ಲಕ್ಕೂ ಜಾಗವಿತ್ತು. ಊರಿಗೆ ಮಸೀದಿ, ಸಂತೆ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಶಾಲೆಗಳು, ಕುಶಲಕರ್ಮಿಗಳಿಗಾಗಿ ಖಾನ್, ರಂಗಮಂದಿರ ಇವನ್ನೆಲ್ಲ ವಿನ್ಯಾಸ ಮಾಡಿದರು. ಇಟ್ಟಿಗೆಗಾಗಿ ಮಣ್ಣು ತೆಗೆದ ಗುಂಡಿಗಳಲ್ಲಿ ನೀರು ನಿಂತು ರೋಗ ಹರಡುವುದು ಈಜಿಪ್ಟ್‌ನ ಹಳ್ಳಿಗಳ ಹಳೆಯ ಪಿಡುಗು. ಆ ಗುಂಡಿಯನ್ನೇ ಶುದ್ಧ ನೀರಿನ ಕೆರೆಯಾಗಿಸುವ ಯೋಜನೆಯೂ ಅವರಲ್ಲಿತ್ತು. ಅಸ್ವಾನ್‌ನ ಮೇಸ್ತ್ರಿಗಳನ್ನು ಕರೆಸಿ ಗುರ್ನಾದ ಹುಡುಗರಿಗೆ ಕೆಲಸ ಕಲಿಸಿದರು. ನಮ್ಮ ರೈತರ ಮುಯ್ಯಾಳಿನ ಹಾಗೆ ನೆರೆಹೊರೆಯವರು ಕೂಡಿ ಒಬ್ಬರಿಗೊಬ್ಬರು ಮನೆ ಕಟ್ಟಿಕೊಳ್ಳಬೇಕು ಎಂಬುದು ಅವರ ಆಶಯವಾಗಿತ್ತು.

ಆದರೆ ನಡೆದದ್ದೇ ಬೇರೆ. ಮಂಜೂರಾದ ಹಣ ಸಮಯಕ್ಕೆ ಬರಲಿಲ್ಲ. ಸಣ್ಣಪುಟ್ಟ ಖರೀದಿಗೂ ಕಡತಗಳು ಮೇಜಿನಿಂದ ಮೇಜಿಗೆ ಅಲೆದವು. 1947ರ ಸುಮಾರಿಗೆ ಸಾಂಕ್ರಾಮಿಕ ರೋಗದ ಹಾವಳಿಯಿಂದ ಕೆಲಸ ಕುಂಠಿತವಾಯಿತು. ಎಲ್ಲಕ್ಕಿಂತ ದೊಡ್ಡ ಆಘಾತ ಬಂದದ್ದು ಊರಿನಿಂದಲೇ. ಗುರ್ನಾದವರಿಗೆ ತಮ್ಮ ಗುಡ್ಡ ಬಿಟ್ಟು ಬರಲು ಇಷ್ಟವಿರಲಿಲ್ಲ. ಸಮಾಧಿಗಳೂ ಪ್ರವಾಸಿಗರೂ ಅವರ ಅನ್ನದ ಮೂಲವಾಗಿದ್ದವು. ಹೊಸ ಊರಿನಲ್ಲಿ ಅದಕ್ಕೆ ಬದಲಿ ಏನು ಎಂಬುದಕ್ಕೆ ಸರಿಯಾದ ಉತ್ತರ ಸಿಗಲಿಲ್ಲ. ಗುಮ್ಮಟವೆಂದರೆ ಸತ್ತವರ ಗೋರಿಗೆ ಮಾತ್ರ ಎಂಬ ಭಾವನೆಯೂ ಅವರಲ್ಲಿತ್ತು. ಕೊನೆಗೆ ಯಾರೋ ಒಡ್ಡು ಕಡಿದು ಹೊಸ ಊರಿನೊಳಗೆ ನೀರು ನುಗ್ಗಿಸಿದರು. 1948ರ ವೇಳೆಗೆ ಕೆಲಸ ನಿಂತಿತು. ಯೋಜಿಸಿದ್ದರಲ್ಲಿ ಒಂದು ಸಣ್ಣ ಭಾಗ ಮಾತ್ರ ಪೂರ್ಣಗೊಂಡಿತು.

ಇಲ್ಲಿ ತಪ್ಪು ಯಾರದು? ಕಡತಗಳ ಮೇಲೆ ಕುಳಿತ ಅಧಿಕಾರಿಗಳದು ಎನ್ನುವುದು ಸುಲಭ. ಅದು ನಿಜವೂ ಹೌದು. ಆದರೆ ವಿನ್ಯಾಸ ಎಷ್ಟೇ ಸುಂದರವಾಗಿದ್ದರೂ ಜನರ ಹೊಟ್ಟೆಪಾಡನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯೋಜನೆ ನಿಲ್ಲುವುದಿಲ್ಲ ಎಂಬುದೂ ಅಷ್ಟೇ ನಿಜ. ಮನೆ ಬದಲಾಯಿಸುವ ನಿರ್ಧಾರ ಜನರದಾಗಿರಲಿಲ್ಲ, ಸರ್ಕಾರದ್ದಾಗಿತ್ತು. ಫತ್ಹಿ ಅವರು ಈ ಸೋಲನ್ನು ಮುಚ್ಚಿಡಲಿಲ್ಲ. ಇಡೀ ವೃತ್ತಾಂತವನ್ನು ಪುಸ್ತಕವಾಗಿ ಬರೆದರು. 1969ರಲ್ಲಿ ಈಜಿಪ್ಟ್‌ನಲ್ಲಿ ಪ್ರಕಟವಾದ ಅದು 1973ರಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದ ಮೂಲಕ ಆರ್ಕಿಟೆಕ್ಚರ್ ಫಾರ್ ದಿ ಪೂರ್ ಎಂಬ ಹೆಸರಿನಲ್ಲಿ ಹೊರಬಂದು ಜಗತ್ಪ್ರಸಿದ್ಧವಾಯಿತು. ಒಂದು ಊರು ಕಟ್ಟಲಾಗದ ಕಥೆಯೇ ಅವರ ಹೆಸರನ್ನು ದೇಶದೇಶಗಳಿಗೆ ಒಯ್ದಿತು.

ಗಾಳಿಯನ್ನು ಹಿಡಿಯುವ ವಿದ್ಯೆ

ಗುರ್ನಾದ ನಂತರ ಫತ್ಹಿ ಅವರು 1957ರಲ್ಲಿ ಗ್ರೀಸ್ ದೇಶದ ಅಥೆನ್ಸ್‌ಗೆ ಹೋಗಿ ಕೆಲವು ವರ್ಷ ಕೆಲಸ ಮಾಡಿ, 1960ರ ದಶಕದ ಆರಂಭದಲ್ಲಿ ಕೈರೋಗೆ ಮರಳಿದರು. ಹಳೆಯ ಕೈರೋದ ಮನೆಗಳನ್ನು ಆಳವಾಗಿ ಅಧ್ಯಯನ ಮಾಡಿದರು. ವಿದ್ಯುತ್ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ಉರಿಬಿಸಿಲಿನ ನಾಡಿನಲ್ಲಿ ಹೇಗೆ ತಂಪಾಗಿ ಬಾಳಿದರು ಎಂಬುದೇ ಅವರ ಪ್ರಶ್ನೆ.

ಮೊದಲನೆಯದು ಮಲ್ಕಫ್, ಅಂದರೆ ಗಾಳಿಯನ್ನು ಹಿಡಿಯುವ ಗೋಪುರ. ಪಾರ್ಸಿ ಮತ್ತು ಉರ್ದುವಿನಲ್ಲಿ ಇದನ್ನೇ ಬಾದ್‌ಗೀರ್ ಎನ್ನುತ್ತಾರೆ. ಛಾವಣಿಯ ಮೇಲೆ ಗಾಳಿ ಬೀಸುವ ದಿಕ್ಕಿಗೆ ಬಾಯಿ ತೆರೆದು ನಿಂತು, ಧೂಳು ಕಡಿಮೆಯಿರುವ ಎತ್ತರದ ಗಾಳಿಯನ್ನು ಇದು ಕೋಣೆಯೊಳಕ್ಕೆ ಇಳಿಸುತ್ತದೆ. ಎರಡನೆಯದು ಮಶ್ರಬಿಯ್ಯ, ಅಂದರೆ ಮರದ ಜಾಲಂಧ್ರದ ಕಿಟಕಿ. ಅರಬಿಯಲ್ಲಿ ಕುಡಿಯುವುದು ಎಂಬ ಅರ್ಥದ ಧಾತುವಿನಿಂದ ಈ ಪದ ಬಂದಿದೆ. ನಮಗೆ ಪರಿಚಿತವಾದ ಶರಬತ್ ಕೂಡ ಅದೇ ಧಾತುವಿನದು. ಕುಡಿಯುವ ನೀರಿನ ಹೂಜಿಗಳನ್ನು ತಂಪಾಗಲೆಂದು ಈ ಕಿಟಕಿಯಲ್ಲಿ ಇಡುತ್ತಿದ್ದುದರಿಂದ ಆ ಹೆಸರು. ಅದು ಬಿಸಿಲನ್ನು ತಡೆಯುತ್ತದೆ, ಗಾಳಿಯನ್ನು ಬಿಡುತ್ತದೆ. ಒಳಗಿನವರಿಗೆ ಹೊರಗಿನದು ಕಾಣುತ್ತದೆ, ಹೊರಗಿನವರಿಗೆ ಒಳಗಿನದು ಕಾಣದು. ಪರ್ದಾ, ತಂಪು, ಸೌಂದರ್ಯ ಮೂರೂ ಒಂದರಲ್ಲೇ! ಮೂರನೆಯದು ಸಲ್ಸಬೀಲ್, ಓರೆಯಾಗಿ ನಿಲ್ಲಿಸಿದ ಚಿತ್ತಾರದ ಕಲ್ಲಿನ ಮೇಲೆ ತೆಳುವಾಗಿ ನೀರು ಹರಿಸಿ ಗಾಳಿಯನ್ನು ತಂಪಾಗಿಸುವ ಏರ್ಪಾಡು. ಸಲ್ಸಬೀಲ್ ಎಂಬುದು ಪವಿತ್ರ ಕುರ್‌ಆನ್‌ನಲ್ಲಿ ಸ್ವರ್ಗದ ಚಿಲುಮೆಯೊಂದರ ಹೆಸರಾಗಿಯೂ ಬಂದಿರುವುದು ನಮಗೆಲ್ಲ ತಿಳಿದಿದೆ.

ಇವೆಲ್ಲ ಹಳೆಯದರ ಮೇಲಿನ ಬರಿಯ ಮೋಹವಾಗಿರಲಿಲ್ಲ. 1964ರಲ್ಲಿ ಕೈರೋದಲ್ಲಿ ಪರೀಕ್ಷಾರ್ಥವಾಗಿ ಮಾದರಿ ಕಟ್ಟಡಗಳನ್ನು ಕಟ್ಟಿ ಉಷ್ಣತೆಯನ್ನು ಅಳೆಯಲಾಯಿತು. 50 ಸೆಂ.ಮೀ. ದಪ್ಪದ ಹಸಿ ಇಟ್ಟಿಗೆಯ ಗೋಡೆ, ಕಮಾನು ಮತ್ತು ಗುಮ್ಮಟದ ಛಾವಣಿಯ ಕೋಣೆಯಲ್ಲಿ ದಿನದ 24 ಗಂಟೆಯೂ ಉಷ್ಣತೆ 21ರಿಂದ 23 ಡಿಗ್ರಿಯೊಳಗೇ ಇತ್ತು. 10 ಸೆಂ.ಮೀ. ದಪ್ಪದ ಕಾಂಕ್ರೀಟ್ ಹಲಗೆಗಳ ಕೋಣೆಯಲ್ಲಿ ಅದು 36 ಡಿಗ್ರಿಗೆ ಏರಿತು. ಹೊರಗಿನ ಗಾಳಿಗಿಂತಲೂ ಕಾಂಕ್ರೀಟ್ ಕೋಣೆಯ ಒಳಗೇ ಸೆಕೆ ಹೆಚ್ಚು! ದಪ್ಪ ಮಣ್ಣಿನ ಗೋಡೆ ಹಗಲಿನ ಶಾಖವನ್ನು ನಿಧಾನವಾಗಿ ಹೀರಿಕೊಂಡು, ರಾತ್ರಿ ನಿಧಾನವಾಗಿ ಬಿಟ್ಟುಕೊಡುತ್ತದೆ. ಕಾರಣ ಇಷ್ಟು ಸರಳ.

1965ರಲ್ಲಿ ಖಾರ್ಗಾ ಮರುದ್ಯಾನದಲ್ಲಿ ಹೊಸ ಬಾರಿಸ್ ಎಂಬ ಊರನ್ನು ಕಟ್ಟಲು ಅವರು ಆರಂಭಿಸಿದರು. ಬೆಳೆದ ತರಕಾರಿ ಮರುಭೂಮಿಯ ಬಿಸಿಲಿಗೆ ಕೆಡದಂತೆ ಅಲ್ಲಿನ ಸಂತೆಕಟ್ಟೆಯ ನೆಲಮಾಳಿಗೆಗೆ ಗಾಳಿಗೋಪುರಗಳನ್ನು ಜೋಡಿಸಿದರು. ಯಾವ ಯಂತ್ರವೂ ಇಲ್ಲದೆ ಅಲ್ಲಿ ಉಷ್ಣತೆ ಸುಮಾರು 15 ಡಿಗ್ರಿ ಇಳಿಯಿತು. ಆದರೆ 1967ರ ಯುದ್ಧದಿಂದಾಗಿ ಈ ಯೋಜನೆಯೂ ಅರ್ಧಕ್ಕೆ ನಿಂತಿತು. ತಮ್ಮ ಅನುಭವವನ್ನೆಲ್ಲ ಅವರು 1986ರಲ್ಲಿ ಪ್ರಕಟವಾದ ಇನ್ನೊಂದು ಗ್ರಂಥದಲ್ಲಿ ವೈಜ್ಞಾನಿಕವಾಗಿ ವಿವರಿಸಿದರು.

ಕೊನೆಯ ವರ್ಷಗಳ ಮನ್ನಣೆ

ಸ್ವದೇಶದಲ್ಲಿ ಬಹುಕಾಲ ಕಡೆಗಣನೆಗೆ ಒಳಗಾದ ಫತ್ಹಿ ಅವರಿಗೆ 80ನೆಯ ವಯಸ್ಸಿನಲ್ಲಿ ಜಗತ್ತಿನ ಮನ್ನಣೆ ದೊರೆಯಿತು. 1980ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯ ಅಧ್ಯಕ್ಷರ ವಿಶೇಷ ಪುರಸ್ಕಾರ ಅವರಿಗೆ ಸಂದಿತು. ಪರ್ಯಾಯ ನೊಬೆಲ್ ಎಂದು ಹೆಸರಾದ ರೈಟ್ ಲೈವ್ಲಿಹುಡ್ ಪ್ರಶಸ್ತಿ ಅದೇ ವರ್ಷ ಆರಂಭವಾಯಿತು. ಅದನ್ನು ಮೊದಲ ವರ್ಷವೇ ಪಡೆದವರಲ್ಲಿ ಅವರೂ ಒಬ್ಬರು. 1984ರಲ್ಲಿ ಅಂತರರಾಷ್ಟ್ರೀಯ ವಾಸ್ತುಶಿಲ್ಪಿಗಳ ಒಕ್ಕೂಟವು ತನ್ನ ಮೊಟ್ಟಮೊದಲ ಚಿನ್ನದ ಪದಕವನ್ನು ಅವರಿಗೆ ನೀಡಿತು. 1980ರ ದಶಕದ ಆರಂಭದಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಅಬಿಕ್ಯೂ ಎಂಬಲ್ಲಿ ದಾರುಲ್ ಇಸ್ಲಾಮ್ ಸಂಸ್ಥೆಗಾಗಿ ಹಸಿ ಇಟ್ಟಿಗೆಯ ಮಸೀದಿಯನ್ನು ವಿನ್ಯಾಸ ಮಾಡಿದರು. ಅದನ್ನು ಕಟ್ಟಲು ನುಬಿಯಾದ ಮೇಸ್ತ್ರಿಗಳೇ ಅಮೆರಿಕಕ್ಕೆ ಹೋದರು.

ಕೈರೋದ ಕೋಟೆಯ ಬಳಿ ದರ್ಬ್ ಅಲ್-ಲಬ್ಬಾನ ಎಂಬ ಓಣಿಯ ಹಳೆಯ ಮನೆಯೊಂದರಲ್ಲಿ ಅವರು ತಮ್ಮ ಸಾಕುಬೆಕ್ಕುಗಳೊಂದಿಗೆ ಸರಳವಾಗಿ ವಾಸವಿದ್ದರು. ದೇಶವಿದೇಶದ ವಿದ್ಯಾರ್ಥಿಗಳು ಅಲ್ಲಿಗೇ ಹುಡುಕಿಕೊಂಡು ಬರುತ್ತಿದ್ದರು. 1989ರ ನವೆಂಬರ್ 30ರಂದು, ತಮ್ಮ 89ನೆಯ ವಯಸ್ಸಿನಲ್ಲಿ ಅವರು ಇಹಲೋಕ ತ್ಯಜಿಸಿದರು.

ಅವರ ವಿಚಾರಗಳಿಗೆ ಟೀಕೆಗಳೂ ಇವೆ. ಬಡವರಿಗಾಗಿ ಯೋಚಿಸಿದರೂ ಅವರಿಂದ ಮನೆ ಕಟ್ಟಿಸಿಕೊಂಡವರಲ್ಲಿ ಅನುಕೂಲಸ್ಥರೇ ಹೆಚ್ಚು. ಅಸ್ವಾನ್‌ನ ದೊಡ್ಡ ಅಣೆಕಟ್ಟು 1970ರಲ್ಲಿ ಪೂರ್ಣಗೊಂಡ ನಂತರ ಅಂತರ್ಜಲ ಮೇಲೇರಿ, ಗುರ್ನಾದ ಮಣ್ಣಿನ ಗೋಡೆಗಳು ಉಪ್ಪು ಹಿಡಿದು ಸಡಿಲಾದವು. ಎಷ್ಟೋ ಮನೆಗಳ ಜಾಗದಲ್ಲಿ ಈಗ ಕಾಂಕ್ರೀಟ್ ಎದ್ದಿದೆ. ಮಣ್ಣಿನ ಮನೆಗೆ ಆಗಾಗ ಆರೈಕೆ ಬೇಕೇ ಬೇಕು. ಇವೆಲ್ಲ ಒಪ್ಪತಕ್ಕ ಮಾತುಗಳೇ. ಆದರೆ ಅವರು ಬಿತ್ತಿದ ಬೀಜ ಬೇರೆಡೆ ಮೊಳೆತಿದೆ. ಅವರ ಶಿಷ್ಯರಾದ ಅಬ್ದುಲ್ ವಾಹಿದ್ ಅಲ್-ವಕೀಲ್ ಅವರು 1980ರಲ್ಲಿ ಮತ್ತು 1989ರಲ್ಲಿ ಆಗಾ ಖಾನ್ ಪ್ರಶಸ್ತಿ ಪಡೆದರು. ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೋದಲ್ಲಿ 2000ದಿಂದೀಚೆಗೆ ನುಬಿಯಾದ ಕಮಾನು ಛಾವಣಿಯನ್ನು ಹಳ್ಳಿಯ ಯುವಕರಿಗೆ ಕಲಿಸಿ ಅದನ್ನೇ ಜೀವನೋಪಾಯವಾಗಿಸುವ ಕೆಲಸ ನಡೆದಿದೆ. ನಮ್ಮ ನೆರೆಯ ತಮಿಳುನಾಡಿನ ಆರೋವಿಲ್‌ನಲ್ಲಿರುವ ಅರ್ಥ್ ಇನ್ಸ್ಟಿಟ್ಯೂಟ್‌ನಲ್ಲಿಯೂ ಇದೇ ತಂತ್ರವನ್ನು ಬೆಳೆಸಿ, ಸೆಂಟ್ರಿಂಗ್ ಇಲ್ಲದೆ ಕಮಾನು ಕಟ್ಟುವುದನ್ನು ಕಲಿಸುತ್ತಾರೆ.

ನಮಗೆ ಪಾಠ

ಇಸ್ಲಾಮ್ ದುಂದುವೆಚ್ಚವನ್ನು ಖಂಡಿಸುತ್ತದೆ. ಭೂಮಿ ನಮ್ಮ ಸ್ವತ್ತಲ್ಲ, ಅಮಾನತ್ ಎಂದು ಕಲಿಸುತ್ತದೆ. ಪ್ರವಾದಿವರ್ಯರ(ಸ) ಮದೀನಾದ ಮಸೀದಿ ಮೊದಲು ಹಸಿ ಇಟ್ಟಿಗೆ, ಖರ್ಜೂರದ ಕಾಂಡ ಮತ್ತು ಗರಿಗಳಿಂದಲೇ ಕಟ್ಟಲ್ಪಟ್ಟಿತ್ತು ಎಂಬುದನ್ನು ನಾವು ಸೀರತ್‌ನಲ್ಲಿ ಓದಿದ್ದೇವೆ. ಅಂದರೆ ಕಟ್ಟಡದ ಘನತೆ ಅದಕ್ಕೆ ಸುರಿದ ಹಣದಲ್ಲಿಲ್ಲ.

ಹಸನ್ ಫತ್ಹಿ ಅವರನ್ನು ಮೆಚ್ಚುವುದೆಂದರೆ ನಾಳೆಯೇ ಎಲ್ಲರೂ ಮಣ್ಣಿನ ಮನೆ ಕಟ್ಟಬೇಕು ಎಂದಲ್ಲ. ಮಳೆ ಬಾರದ ಈಜಿಪ್ಟ್‌ಗೆ ಒಪ್ಪುವುದು ಮಲೆನಾಡಿಗೆ ಒಪ್ಪಲಿಕ್ಕಿಲ್ಲ. ಆದರೆ ಅವರು ಕೇಳಿದ ಪ್ರಶ್ನೆಗಳು ಎಲ್ಲ ಊರಿಗೂ ಒಪ್ಪುತ್ತವೆ. ಗಾಳಿ ಯಾವ ದಿಕ್ಕಿನಿಂದ ಬರುತ್ತದೆ? ಮಧ್ಯಾಹ್ನದ ಬಿಸಿಲು ಯಾವ ಗೋಡೆಗೆ ಬೀಳುತ್ತದೆ? ನಮ್ಮೂರಿನಲ್ಲಿ ಏನು ಸಿಗುತ್ತದೆ, ಯಾರಿಗೆ ಯಾವ ಕೆಲಸ ಬರುತ್ತದೆ? ಇಲ್ಲಿ ಇರಬೇಕಾದವರನ್ನು ಕೇಳಿದ್ದೇವೆಯೇ? ಶಾಲೆ, ಹಾಸ್ಟೆಲ್, ಶಾದಿಮಹಲ್ ಕಟ್ಟಿಸುವ ನಮ್ಮ ಹಿರಿಯರು ನಕ್ಷೆಗೆ ಸಹಿ ಹಾಕುವ ಮುನ್ನ ಈ ನಾಲ್ಕು ಪ್ರಶ್ನೆಗಳನ್ನು ಕೇಳಿದರೆ, ಏಪ್ರಿಲ್ ತಿಂಗಳಲ್ಲಿ ತಗಡಿನ ಕೆಳಗೆ ಕುಳಿತು ಪರೀಕ್ಷೆ ಬರೆಯುವ ಮಕ್ಕಳ ಬೆವರು ಎಷ್ಟೋ ಕಡಿಮೆಯಾದೀತು.

ಪ್ರಿಯ ವಿದ್ಯಾರ್ಥಿಗಳೇ, ಡಾಕ್ಟರ್, ಇಂಜಿನಿಯರ್ ಆಗಬೇಕೆಂಬ ಕನಸು ನಿಮ್ಮಲ್ಲಿ ಹಲವರಿಗಿದೆ. ವಾಸ್ತುಶಿಲ್ಪವೂ ಒಂದು ಘನವಾದ ವಿದ್ಯೆ ಎಂಬುದು ನೆನಪಿರಲಿ. ಗಾರೆ ಕೆಲಸ, ಬಡಗಿ ಕೆಲಸ ಮಾಡುವ ತಂದೆಯರ ಮಕ್ಕಳು ನಮ್ಮಲ್ಲಿ ಅನೇಕರಿದ್ದಾರೆ. ಆ ಕೆಲಸವನ್ನು ಹೇಳಿಕೊಳ್ಳಲು ಸಂಕೋಚ ಬೇಡ. ಜಗತ್ತಿನ ಒಬ್ಬ ಶ್ರೇಷ್ಠ ವಾಸ್ತುಶಿಲ್ಪಿ ಕಲಿತದ್ದು ಅಂಥ ಕೈಗಳಿಂದಲೇ. ಆ ಕೈಗಳ ಅನುಭವಕ್ಕೆ ನಿಮ್ಮ ಓದು ಸೇರಿದರೆ ನಾಳೆಯ ತಂಪಾದ, ಹಿತವಾದ, ಬಡವನ ಕೈಗೆಟುಕುವ ಮನೆಗಳು ನಿಮ್ಮಿಂದಲೇ ಏಳಬಲ್ಲವು. ಅಲ್ಲಾಹನು ನಿಮಗೆ ಅಂತಹ ಇಲ್ಮ್ ಮತ್ತು ಹಿಮ್ಮತ್ ಕರುಣಿಸಲಿ. ಆಮೀನ್.